ಮೈಗೆ ತಾಗುವ ಬಟ್ಟೆ: ಯಾವುದನ್ನು ತಗೊಳ್ಳೋದು, ಯಾವುದನ್ನು ಬಿಡೋದು

ಚಿಕ್ಕಮಗಳೂರಿನಲ್ಲಿ ಬ್ಲೌಸ್, ಚೂಡಿದಾರ್, ಮಕ್ಕಳ ಫ್ರಾಕ್ ಹೊಲಿಯುವುದು ನನ್ನ ಕೆಲಸ. ಅಳತೆ ಕೊಡಲು ಬಂದವರು ಡಿಸೈನ್ ಮಾತು ಮುಗಿಸಿ ಹೊರಡುವಾಗ ತಗ್ಗಿದ ದನಿಯಲ್ಲಿ ಕೇಳುವುದು ಒಂದೇ: "ಅಕ್ಕಾ, ಕಂಕುಳ ಹತ್ರ ಕೆರೆತ ಬರ್ತಾ ಇದೆ, ಕಾಟನ್ ತಗೊಂಡ್ರೆ ಸರಿಹೋಗುತ್ತಾ?" ಸರಿಹೋಗಬಹುದು, ಹೋಗದೆಯೂ ಇರಬಹುದು. ಬಹಳ ಸಲ ತೊಂದರೆ ಕೊಡುವುದು ನೂಲಿಗಿಂತ ಜಾಸ್ತಿ ಅದಕ್ಕೆ ಹಾಕಿದ ಬಣ್ಣ, ಸುಕ್ಕು ಬೀಳದಿರಲಿ ಅಂತ ಬಳಿದ ರಾಳ, ಸೊಂಟದ ಎಲಾಸ್ಟಿಕ್, ಲೋಹದ ಹುಕ್ಕು, ಆಮೇಲೆ ಮನೆಯಲ್ಲಿ ನಾವೇ ಸೇರಿಸುವ ಸೋಪಿನ ಪುಡಿ, ನುಸಿ ಗುಳಿಗೆ. ಹಾಗಾಗಿ "ಕಾಟನ್ ಒಳ್ಳೇದು, ಪಾಲಿಯೆಸ್ಟರ್ ಕೆಟ್ಟದ್ದು" ಅನ್ನುವ ಒಂದೇ ಅಳತೆಯಲ್ಲಿ ಬಟ್ಟೆ ಆರಿಸಿದರೆ ದುಡ್ಡೂ ಹೋಗುತ್ತೆ, ಕೆರೆತವೂ ಉಳಿಯುತ್ತೆ.

ಇನ್ನೊಂದು ಮಾತು. ಮನೆಯ ಬಟ್ಟೆಯನ್ನೆಲ್ಲ ಬದಲಾಯಿಸಲು ಯಾರಿಂದಲೂ ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಬೆವರು, ಉಜ್ಜಾಟ, ಬಿಗಿ ಈ ಮೂರೂ ಒಟ್ಟಿಗೆ ಸೇರುವ ಕಡೆ ಮೊದಲು ನೋಡಿ. ಒಳಉಡುಪು, ಬನಿಯನ್, ಬ್ಲೌಸಿನ ಲೈನಿಂಗ್, ಒಳಲಂಗ, ನೈಟಿ, ದಿಂಬಿನ ಕವರ್, ಮಗುವಿನ ಬಟ್ಟೆ. ನಿಮ್ಮ ದುಡ್ಡು ಮತ್ತು ತಲೆಬಿಸಿ ಎರಡೂ ಇಲ್ಲಿಗೆ ಮೀಸಲಿರಲಿ. ಜರ್ಕಿನ್, ಶಾಲು, ಬಟ್ಟೆಯ ಮೇಲೆ ಹಾಕುವ ಸ್ವೆಟರ್ ಇವೆಲ್ಲ ಕೊನೆಯ ಸಾಲಿಗೆ.

ಸುಕ್ಕು ಬೀಳದ ಶರ್ಟೋ, ಸಾದಾ ಶರ್ಟೋ?

ಎಂ.ಜಿ. ರಸ್ತೆಯ ಯಾವ ಅಂಗಡಿಗೆ ಹೋದರೂ "ರಿಂಕಲ್ ಫ್ರೀ", "ನಾನ್ ಐರನ್" ಅಂತ ಚೀಟಿ ಅಂಟಿಸಿದ ಕಾಟನ್ ಶರ್ಟು ಸಿಗುತ್ತೆ. ಹತ್ತಿ ಬಟ್ಟೆಯ ಗುಣವೇ ಸುಕ್ಕು ಬೀಳುವುದು. ಹಾಗಾಗದಂತೆ ಮಾಡಬೇಕಾದರೆ ಹತ್ತಿಯ ಎಳೆಯೊಳಗಿನ ಕಣಗಳನ್ನು ಒಂದಕ್ಕೊಂದು ಕಟ್ಟಿಹಾಕುವ ರಾಳ ಹಚ್ಚಬೇಕು, ಮತ್ತು ಆ ರಾಳ ಹೆಚ್ಚಾಗಿ ಫಾರ್ಮಾಲ್ಡಿಹೈಡ್ ಅನ್ನುವ ರಾಸಾಯನಿಕದಿಂದ ಮಾಡಿದ್ದು. ಬಿಸಿ, ಬೆವರು, ತೇವ ತಗುಲಿದಾಗ ಅದು ಸ್ವಲ್ಪ ಸ್ವಲ್ಪವಾಗಿ ಹೊರಗೆ ಬರುತ್ತೆ. ಹೊಸ ಬಟ್ಟೆಯ ಬಂಡಲ್ ಬಿಚ್ಚಿದಾಗ ಕಣ್ಣು ಚುರುಚುರು ಅನ್ನುವ ಘಾಟು ಬಂದರೆ ಅದರಲ್ಲಿ ಇದರ ಪಾಲೂ ಇರಬಹುದು. ಜಪಾನ್ 1973ರಲ್ಲೇ ಇದಕ್ಕೆ ಕಾನೂನು ಮಾಡಿತು. ದೊಡ್ಡವರ ಮೈಗೆ ತಾಗುವ ಬಟ್ಟೆಯಲ್ಲಿ 75 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 75 ಪಾಲು) ದಾಟಬಾರದು, ಎರಡು ವರ್ಷದೊಳಗಿನ ಮಕ್ಕಳ ಬಟ್ಟೆಯಲ್ಲಿ ಇರಲೇಬಾರದು ಅನ್ನುವಷ್ಟು ಬಿಗಿ. ಯುರೋಪಿನಲ್ಲೂ 2020ರ ನವೆಂಬರ್‌ನಿಂದ ಬಟ್ಟೆಗೆ ಅದೇ 75ರ ಮಿತಿ ಇದೆ.

ಇಲ್ಲಿ ಬಹಳ ಜನರಿಗೆ ತಲೆಕೆಳಗಾಗಿ ಕಾಣುವ ಒಂದು ವಿಷಯವಿದೆ. ಪೂರ್ತಿ ಪಾಲಿಯೆಸ್ಟರ್‌ಗೆ ಈ ರಾಳ ಬೇಕಾಗುವುದಿಲ್ಲ, ಅದಕ್ಕೆ ಸುಕ್ಕು ಬೀಳುವುದೇ ಕಡಿಮೆ. ರಾಳ ಬೀಳುವುದು ಕಾಟನ್, ರೇಯಾನ್, ಮತ್ತು ಕಾಟನ್ ಬೆರೆಸಿದ ಬಟ್ಟೆಗೆ. ಅಂದರೆ "ಶುದ್ಧ ಕಾಟನ್, ಇಸ್ತ್ರಿ ಬೇಡ" ಅಂತ ಹೆಚ್ಚು ಬೆಲೆಗೆ ಮಾರುವ ಶರ್ಟಿನಲ್ಲೇ ಈ ತೊಂದರೆ ಇರುವ ಸಾಧ್ಯತೆ ಜಾಸ್ತಿ. ಕುತ್ತಿಗೆ ಸುತ್ತ, ಮೊಣಕೈ ಮಡಿಕೆಯಲ್ಲಿ, ತೊಡೆ ಮೇಲೆ ಕೆಂಪಗೆ ಏಳುವವರು ಇದನ್ನು ಬಿಟ್ಟುಬಿಡಿ. ಸಾದಾ ಪಾಪ್ಲಿನ್ ಅಥವಾ ಖಾದಿ ತಗೊಂಡು ಇಸ್ತ್ರಿ ಹಾಕಿಸಿ, ಗರಿ ಬೇಕಿದ್ದರೆ ಅನ್ನದ ಗಂಜಿ ಹಾಕಿ. ಕೆರೆತವೇ ಇಲ್ಲದವರು, ದಿನಾ ಬಸ್ಸಿನಲ್ಲಿ ಓಡಾಡುವವರು ಅಂಥ ಶರ್ಟನ್ನು ಒಂದೆರಡು ಸಲ ಚೆನ್ನಾಗಿ ಒಗೆದು ಹಾಕಿಕೊಳ್ಳಬಹುದು. ಬಟ್ಟೆಯಲ್ಲಿ ಬಿಡಿಯಾಗಿ ಉಳಿದ ಫಾರ್ಮಾಲ್ಡಿಹೈಡ್ ಬಹುಪಾಲು ಮೊದಲ ಒಗೆತದಲ್ಲೇ ಹೋಗುತ್ತೆ. ರಾಳ ಮಾತ್ರ ಬಟ್ಟೆಯಲ್ಲೇ ಇರುತ್ತೆ, ಆದ್ದರಿಂದ ಈಗಾಗಲೇ ಅಲರ್ಜಿ ಇರುವವರಿಗೆ ಒಗೆತ ಸಾಲದು.

ಲೈನಿಂಗ್: ಕ್ರೇಪಾ, ಕಾಟನ್ನಾ?

ನನ್ನ ಪ್ರಕಾರ ಹೆಣ್ಣುಮಕ್ಕಳ ಬಟ್ಟೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದ್ದು ಇಲ್ಲಿ. ಕೊಡುವುದು ಎಲ್ಲಕ್ಕಿಂತ ಕಡಿಮೆ. ರೇಷ್ಮೆ ಸೀರೆಗೆ ಸಾವಿರಾರು ರೂಪಾಯಿ ಕೊಟ್ಟವರು ಲೈನಿಂಗ್ ಬಟ್ಟೆ ಮಾತ್ರ ಮ್ಯಾಚಿಂಗ್ ಸೆಂಟರಿನವರು ಯಾವುದು ಕೊಟ್ಟರೆ ಅದನ್ನೇ ತರುತ್ತಾರೆ. ಮೈಗೆ ತಾಗುವುದು ರೇಷ್ಮೆಯಲ್ಲ, ಆ ಲೈನಿಂಗು!

ಕ್ರೇಪ್ ಲೈನಿಂಗ್ ಅಂತ ಕೊಡುವುದು ಸಾಮಾನ್ಯವಾಗಿ ಪಾಲಿಯೆಸ್ಟರ್. ನುಣುಪು, ಕುಗ್ಗುವುದಿಲ್ಲ, ಬೆಲೆ ಕಡಿಮೆ, ಹೊಲಿಯುವವರಿಗೂ ನೆನೆಸಿ ಒಣಗಿಸುವ ಕೆಲಸ ಉಳಿಯುತ್ತೆ. ಪಾಲಿಯೆಸ್ಟರ್‌ಗೆ ಹಾಕುವುದು ಡಿಸ್ಪರ್ಸ್ ಬಣ್ಣ ಅನ್ನುವ ಜಾತಿ. ಈ ಬಣ್ಣ ನೂಲಿಗೆ ಗಟ್ಟಿಯಾಗಿ ಬೆಸೆದುಕೊಳ್ಳುವುದಿಲ್ಲ, ಒಳಗೆ ಕರಗಿ ಕೂತಿರುತ್ತೆ ಅಷ್ಟೇ. ಸರಿಯಾದ ಬಿಸಿಯಲ್ಲಿ ಬಣ್ಣ ಕಟ್ಟಿ, ಆಮೇಲೆ ಚೆನ್ನಾಗಿ ತೊಳೆದಿದ್ದರೆ ತೊಂದರೆ ಕಡಿಮೆ. ಹಾಗೆ ಮಾಡದ ಅಗ್ಗದ ಬಟ್ಟೆಯಲ್ಲಿ ಬೆವರು ಮತ್ತು ಉಜ್ಜಾಟ ಸೇರಿದರೆ ಬಣ್ಣದ ಕಣ ಚರ್ಮಕ್ಕೆ ಇಳಿಯುತ್ತೆ. ಬಟ್ಟೆಯ ಬಣ್ಣದಿಂದ ಬರುವ ಅಲರ್ಜಿಯಲ್ಲಿ ಚರ್ಮದ ವೈದ್ಯರು ಎಲ್ಲರಿಗಿಂತ ಮೊದಲು ಅನುಮಾನಿಸುವುದು ಈ ಡಿಸ್ಪರ್ಸ್ ಬಣ್ಣಗಳನ್ನು, ಅದರಲ್ಲೂ ಡಿಸ್ಪರ್ಸ್ ಬ್ಲೂ 106 ಮತ್ತು 124 ಅನ್ನುವ ಎರಡು ನೀಲಿಗಳನ್ನು. ಕಪ್ಪು, ಕಡುನೀಲಿ, ಕಡುನೇರಳೆ, ಗಾಢ ಹಸಿರಿನ ಬಟ್ಟೆಗೆ ಬೀಳುವ ಬಣ್ಣದ ಪ್ರಮಾಣವೇ ಜಾಸ್ತಿ. ತಲೆಗೆ ಹಚ್ಚುವ ಕಪ್ಪು ಡೈ ಯಾರಿಗೆ ಆಗುವುದಿಲ್ಲವೋ ಅವರು ಇಲ್ಲಿ ಇನ್ನೂ ಹುಷಾರಾಗಿರಬೇಕು, ಯಾಕೆಂದರೆ ಆ ಡೈಯಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕಕ್ಕೆ ಅಲರ್ಜಿ ಇರುವ ಕೆಲವರಿಗೆ ಈ ಬಟ್ಟೆ ಬಣ್ಣಗಳೂ ಆಗುವುದಿಲ್ಲ.

ಡಿಯೋಡರೆಂಟ್‌ನಿಂದ ಬಂತೋ, ಬಟ್ಟೆಯಿಂದ ಬಂತೋ ಅಂತ ತಿಳಿಯಲು ಕನ್ನಡಿ ಮುಂದೆ ಕೈ ಎತ್ತಿ ನೋಡಿ. ಕಂಕುಳಿನ ನಡುಮಧ್ಯದ ಗುಂಡಿಯಲ್ಲೇ ಕೆಂಪಾಗಿದ್ದರೆ ಡಿಯೋಡರೆಂಟ್ ಮೇಲೆ ಅನುಮಾನ. ನಡುವೆ ಚೆನ್ನಾಗಿದ್ದು ಸುತ್ತಲಿನ ಅಂಚು, ಅಂದರೆ ತೋಳಿನ ಹೊಲಿಗೆ ಉಜ್ಜುವ ಜಾಗ ಕೆಂಪಾಗಿದ್ದರೆ ಬಟ್ಟೆ ಮೇಲೆ ಅನುಮಾನ. ಒಳತೊಡೆ, ಸೊಂಟ, ಮಂಡಿಯ ಹಿಂಭಾಗಕ್ಕೂ ಇದೇ ಲೆಕ್ಕ. ಅಲರ್ಜಿಯ ಕೆರೆತ ಹಾಕಿಕೊಂಡ ತಕ್ಷಣ ಬರುವುದಿಲ್ಲ, ಕೆಲವು ಗಂಟೆಯಿಂದ ಎರಡು ದಿನದವರೆಗೆ ತಡವಾಗಿ ಬರುತ್ತೆ. ಭಾನುವಾರದ ಮದುವೆಗೆ ಉಟ್ಟಿದ್ದರ ಗುಳ್ಳೆ ಮಂಗಳವಾರ ಎದ್ದಾಗ ಬಡಪಾಯಿ ಬದನೆಕಾಯಿ ಪಲ್ಯದ ಮೇಲೆ ತಪ್ಪು ಹೊರಿಸುವುದು ಅದಕ್ಕೇ.

ಕಾಟನ್ ಲೈನಿಂಗೂ ತಾನೇ ತಾನಾಗಿ ಒಳ್ಳೇದು ಅಂತ ನಂಬಬೇಡಿ. ಅಗ್ಗದ ಕೆಂಪು, ಮರೂನ್, ಕಡುಹಸಿರು ಲೈನಿಂಗ್ ಸಿಕ್ಕಾಪಟ್ಟೆ ಬಣ್ಣ ಬಿಡುತ್ತೆ. ಬಕೆಟ್ಟಿನಲ್ಲಿ ರಾತ್ರಿ ನೆನೆಹಾಕಿ ಬೆಳಿಗ್ಗೆ ನೋಡಿದರೆ ನೀರು ಕುಂಕುಮ ಕಲಸಿದ ಹಾಗೆ ಆಗಿರುತ್ತೆ. ನೀರು ಬದಲಾಯಿಸಿ, ಹಿಂಡಿ, ಮತ್ತೆ ನೆನೆಹಾಕಿ. ಎರಡನೇ ನೀರು ತಿಳಿಯಾದರೆ ಆ ಬಟ್ಟೆ ಪರವಾಗಿಲ್ಲ, ಮೂರನೇ ನೀರೂ ಕೆಂಪಾಗೇ ಬಂದರೆ ಅದನ್ನು ಬ್ಲೌಸಿಗೆ ಹಾಕಲು ನಾನಂತೂ ಒಪ್ಪುವುದಿಲ್ಲ, ವಾಪಸ್ ಕಳಿಸುತ್ತೇನೆ. ಉಪ್ಪು ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅಂತಾರೆ. ಈಗಿನ ಬಣ್ಣಗಳು ಮನೆಯ ಉಪ್ಪುನೀರಿಗೆ ನಿಲ್ಲುವಂಥವಲ್ಲ. ನಿಂತ ಹಾಗೆ ಕಂಡರೂ ಸೋಪು ಬಿದ್ದ ಕೂಡಲೇ ಮತ್ತೆ ಬಿಡುತ್ತೆ.

ಹಾಗಾದರೆ ಯಾವುದು? ದಿನಾ ಹಾಕುವ ಬ್ಲೌಸಿಗೆ ಬಿಳಿ, ಕೆನೆ ಬಣ್ಣ, ಅಥವಾ ತಿಳಿ ಬಣ್ಣದ ಮಲ್ ಕಾಟನ್ ಲೈನಿಂಗ್. ಸೀರೆ ಕಡು ಬಣ್ಣದ್ದಾದರೂ ಒಳಗಿನ ಲೈನಿಂಗ್ ಅದೇ ಬಣ್ಣ ಇರಬೇಕು ಅನ್ನುವ ನಿಯಮ ಏನೂ ಇಲ್ಲ. ತೆಳು ಬಟ್ಟೆಯಾಗಿದ್ದು ಬಿಳಿ ಎದ್ದು ಕಾಣುತ್ತೆ ಅಂದರೆ ಮುಂಭಾಗಕ್ಕೆ ಮ್ಯಾಚಿಂಗ್ ಹಾಕಿ, ಕಂಕುಳ ಭಾಗಕ್ಕೆ ಮಾತ್ರ ಬಿಳಿ ಮಲ್ ಪೀಸ್ ಕೊಡಬಹುದು. ನಿಮ್ಮ ಟೈಲರ್ ಹತ್ತಿರ ಹೇಳಿ, ಕಷ್ಟದ ಕೆಲಸವಲ್ಲ. ವರ್ಷಕ್ಕೊಮ್ಮೆ ಎರಡು ಗಂಟೆ ಹಾಕುವ ಬ್ಲೌಸಿಗೆ ಕ್ರೇಪ್ ಲೈನಿಂಗ್ ಇದ್ದರೂ ಏನೂ ಆಗಲಿಕ್ಕಿಲ್ಲ, ಮೊದಲೇ ಅಲರ್ಜಿ ಇಲ್ಲದವರಿಗೆ.

ಅಂಗಡಿಯವರು ಕಾಟನ್ ಅಂದದ್ದು ನಿಜವಾ ಅಂತ ನೋಡಲು ಅಂಚಿನಿಂದ ಒಂದು ನೂಲು ಎಳೆದು ಮನೆಯಲ್ಲಿ ಬೆಂಕಿಕಡ್ಡಿ ತಾಗಿಸಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಗುತ್ತೆ. ಪಾಲಿಯೆಸ್ಟರ್ ಜ್ವಾಲೆ ಕಂಡರೆ ಹಿಂದೆ ಸರಿದು ಮುದುಡಿ, ಕರಗಿ, ತುದಿಯಲ್ಲಿ ಗಟ್ಟಿ ಮಣಿಯಾಗಿ ನಿಲ್ಲುತ್ತೆ. ಉಗುರಲ್ಲಿ ಒತ್ತಿದರೂ ಪುಡಿಯಾಗುವುದಿಲ್ಲ. ರೇಷ್ಮೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ರೇಯಾನ್ ಮಾತ್ರ ಹತ್ತಿಯ ಹಾಗೇ ಉರಿಯುವುದರಿಂದ ಈ ಪರೀಕ್ಷೆಗೆ ಸಿಗುವುದಿಲ್ಲ. ಬಣ್ಣಕ್ಕೆ ಇನ್ನೂ ಸುಲಭದ ಪರೀಕ್ಷೆ ಇದೆ: ಬಿಳಿ ಕರ್ಚೀಫು ಒದ್ದೆ ಮಾಡಿ ಹಿಂಡಿ, ಬಟ್ಟೆಯ ಒಳಮಗ್ಗುಲಲ್ಲಿ ಒಂದಷ್ಟು ಹೊತ್ತು ಗಟ್ಟಿಯಾಗಿ ಉಜ್ಜಿ. ಕರ್ಚೀಫಿಗೆ ಬಂದಷ್ಟೇ ಬಣ್ಣ ಬೆವರಿದಾಗ ನಿಮ್ಮ ಮೈಗೂ ಬರುತ್ತೆ.

ಬಣ್ಣದ ಬಗ್ಗೆ ಮಾತಾಡುವಾಗ ಆಜೋ ಅನ್ನುವ ಹೆಸರು ಬಂದೇ ಬರುತ್ತೆ. ಆಜೋ ಬಣ್ಣ ನೂರಾರು ಇವೆ, ಎಲ್ಲವೂ ಅಪಾಯವಲ್ಲ. ಅವುಗಳಲ್ಲಿ ಕೆಲವು ಒಡೆದಾಗ ಕ್ಯಾನ್ಸರ್ ತರಬಲ್ಲ ಅಮೀನುಗಳು ಹೊರಬರುತ್ತವೆ, ನಿಷೇಧ ಇರುವುದು ಅಂಥವಕ್ಕೆ. ಜರ್ಮನಿ 1994ರಲ್ಲಿ ಕಾನೂನು ತಂದಿತು, ಭಾರತ ಸರ್ಕಾರ 1997ರಲ್ಲಿ 70 ಆಜೋ ಬಣ್ಣಗಳನ್ನು ನಿಷೇಧಿಸಿತು. ಅಂಗಡಿಯಲ್ಲಿ ನಿಂತು ಇದನ್ನು ಕಣ್ಣಲ್ಲಿ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ, ಲ್ಯಾಬೇ ಬೇಕು. ಬಿಲ್ಲು, ಹೆಸರು, ವಿಳಾಸ ಇಲ್ಲದ ಕಡೆಯಿಂದ ಗಾಢ ಬಣ್ಣದ ಒಳಉಡುಪು ಮತ್ತು ಮಕ್ಕಳ ಬಟ್ಟೆ ತರದಿರುವುದು ನಮ್ಮ ಕೈಲಾಗುವ ಕೆಲಸ.

ಹುಕ್ಕು, ಗುಂಡಿ, ಲಾಡಿ, ಎಲಾಸ್ಟಿಕ್

ಹೊಕ್ಕಳ ಕೆಳಗೆ ನಾಣ್ಯದಷ್ಟು ಅಗಲ ಕಪ್ಪಾಗಿ ಒರಟಾಗಿದ್ದರೆ ಅದು ಬಹುತೇಕ ಜೀನ್ಸ್ ಗುಂಡಿಯ ಅಥವಾ ಬೆಲ್ಟ್ ಬಕಲ್ಲಿನ ನಿಕ್ಕಲ್. ಅಗ್ಗದ ಓಲೆ ಹಾಕಿದರೆ ಕಿವಿ ಸೋರುವವರಿಗೆ ಇದು ಬೇಗ ಬರುತ್ತೆ. ಯುರೋಪಿನಲ್ಲಿ ಮೈಗೆ ತಾಗುವ ಲೋಹ ಎಷ್ಟು ನಿಕ್ಕಲ್ ಬಿಡಬಹುದು ಅನ್ನುವುದಕ್ಕೆ 1994ರಲ್ಲೇ ಮಿತಿ ಹಾಕಿದ್ದಾರೆ. ಗುಂಡಿಗೆ ನೇಲ್ ಪಾಲಿಶ್ ಹಚ್ಚುವ ಉಪಾಯ ಕೆಲವು ದಿನ ನಡೆಯುತ್ತೆ, ಆಮೇಲೆ ಸವೆಯುತ್ತೆ. ಗುಂಡಿಯ ಹಿಂದೆ ಕಾಟನ್ ಪಟ್ಟಿ ಹೊಲಿಸಿಕೊಳ್ಳುವುದು, ಇಲ್ಲವೇ ಪ್ಲಾಸ್ಟಿಕ್ ಗುಂಡಿಗೆ ಬದಲಾಯಿಸುವುದು ಗಟ್ಟಿ ದಾರಿ. ಬ್ಲೌಸ್ ಹುಕ್ಕಿಗೂ ಅಷ್ಟೇ. ಹುಕ್ ಪಟ್ಟಿಯ ಒಳಗೆ ಒಂದಿಂಚು ಅಗಲದ ಇನ್ನೊಂದು ಪಟ್ಟಿ ಬಿಟ್ಟು ಹೊಲಿದರೆ ಲೋಹ ಮೈಗೆ ತಾಗುವುದೇ ಇಲ್ಲ.

ಒಳಲಂಗದ ಲಾಡಿಯಲ್ಲಿ ರಾಸಾಯನಿಕ ಇಲ್ಲ. ಆದರೂ ಅದನ್ನು ಇಲ್ಲಿ ಸೇರಿಸುತ್ತೇನೆ, ಯಾಕೆಂದರೆ ಸೊಂಟದ ಸುತ್ತ ಕಪ್ಪುಗೆರೆ ಇಲ್ಲದ ಹೆಂಗಸರು ನಮ್ಮ ಕಡೆ ಕಡಿಮೆ. ತೆಳ್ಳನೆ ಲಾಡಿಯನ್ನು ಅದೇ ಜಾಗದಲ್ಲಿ ವರ್ಷಗಟ್ಟಲೆ ಬಿಗಿದು ಕಟ್ಟಿದರೆ ಚರ್ಮ ಸುಲಿದು, ಒರಟಾಗಿ, ವಾಸಿಯಾಗದ ಗಾಯವೂ ಆಗಬಹುದು. ಅಂಥ ಹಳೆಯ ಗಾಯ ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗಿದ್ದನ್ನು ನಮ್ಮ ದೇಶದ ವೈದ್ಯರೇ ಬರೆದಿಟ್ಟಿದ್ದಾರೆ. ಅಗಲ ಪಟ್ಟಿಯ ಲಾಡಿ ಹಾಕಿಸಿ, ಕಟ್ಟುವ ಎತ್ತರ ಆಗಾಗ ಬದಲಾಯಿಸಿ, ಮನೆಯಲ್ಲಿರುವಾಗ ಸಡಿಲ ಬಿಡಿ. ಅಮ್ಮನಿಗೆ, ಅತ್ತೆಗೆ, ಅಜ್ಜಿಗೆ ಇದನ್ನು ನೀವಾಗಿಯೇ ಕೇಳಬೇಕು, ಅವರಾಗಿ ಹೇಳುವುದಿಲ್ಲ.

ಎಲಾಸ್ಟಿಕ್ಕಿನಲ್ಲಿ ಎರಡು ಥರ. ಮೈಗೆ ನೇರ ತಾಗುವ ಬಿಚ್ಚು ಎಲಾಸ್ಟಿಕ್, ಬಟ್ಟೆಯೊಳಗೆ ಮುಚ್ಚಿ ಹೊಲಿದ ಎಲಾಸ್ಟಿಕ್. ಎರಡನೆಯದನ್ನೇ ತಗೊಳ್ಳಿ. ರಬ್ಬರನ್ನು ಹದ ಮಾಡಲು ಬಳಸುವ ಥಯುರಾಂ, ಕಾರ್ಬಮೇಟ್ ಜಾತಿಯ ವಸ್ತುಗಳು ಕೆಲವರಿಗೆ ಆಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಿಳಿ ಒಳಉಡುಪು ಹೊಳೆಯಲಿ ಅಂತ ಬ್ಲೀಚಿಂಗ್ ಲಿಕ್ವಿಡ್ ಹಾಕಬೇಡಿ. ಬ್ಲೀಚು ರಬ್ಬರಿನ ಜೊತೆ ಸೇರಿ ಅಲರ್ಜಿ ತರುವ ಹೊಸ ವಸ್ತುವನ್ನೇ ಹುಟ್ಟಿಸುತ್ತೆ.

ಮಳೆಗಾಲದ ಲೆಕ್ಕ ಬೇರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಬಟ್ಟೆ ಒಣಗುವುದೇ ಇಲ್ಲ ಅಲ್ವಾ. ಆಗ ರಾಸಾಯನಿಕಕ್ಕಿಂತ ತೇವವೇ ದೊಡ್ಡ ಶತ್ರು. ಅರೆ ಒಣಗಿದ ಒಳಉಡುಪು, ಅದರ ಮೇಲೆ ಬಿಗಿ ಜೀನ್ಸ್, ಅದರ ಮೇಲೆ ಗಾಳಿಯಾಡದ ರೇನ್‌ಕೋಟು. ತೊಡೆ ಸಂದಿಯಲ್ಲಿ ಹುಳುಕಡ್ಡಿ ಬರಲು ಇಷ್ಟು ಸಾಕು. ಉಂಗುರದ ಹಾಗೆ ಅಂಚು ಎದ್ದು, ನಡುವೆ ತಿಳಿಯಾಗಿ, ಅಗಲವಾಗುತ್ತಾ ಹೋದರೆ ಅದು ಬಟ್ಟೆಯ ಅಲರ್ಜಿ ಇರಲಿಕ್ಕಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಟ್ಯೂಬನ್ನು ಮಾತ್ರ ದಯವಿಟ್ಟು ಹಚ್ಚಬೇಡಿ. ಸ್ಟೀರಾಯ್ಡ್ ಬೆರೆಸಿದ ಮುಲಾಮು ಎರಡು ದಿನ ಕೆರೆತ ಅಡಗಿಸಿ, ಆಮೇಲೆ ಹುಳುಕಡ್ಡಿಯನ್ನು ಹಬ್ಬಿಸುತ್ತೆ.

ಮಳೆಗಾಲಕ್ಕೆ ಒಳಗೆ ಯಾವ ಬಟ್ಟೆ ಅಂದರೆ, ದಪ್ಪ ಕಾಟನ್‌ಗಿಂತ ತೆಳು ಕಾಟನ್ ಮೇಲು. ಬೇಗ ಒಣಗುತ್ತೆ. ದಪ್ಪ ಹೊಸೈರಿ ಬನಿಯನ್ ಎರಡು ದಿನವಾದರೂ ಹೊಲಿಗೆಯ ಹತ್ತಿರ ತಣ್ಣಗೇ ಇರುತ್ತೆ, ಒತ್ತಿ ನೋಡಿದರೆ ಗೊತ್ತಾಗುತ್ತೆ. ಒಳಉಡುಪಿಗೆ ಇಸ್ತ್ರಿ ಹಾಕಿ ಒಣಗಿಸಿ. ಮುಗ್ಗಲು ವಾಸನೆ ಮುಚ್ಚಲು ಘಮಘಮ ಫ್ಯಾಬ್ರಿಕ್ ಕಂಡೀಷನರ್ ಸುರಿಯುವುದು ಬೇಡ. ಅದರ ಸುಗಂಧವೇ ಅನೇಕರಿಗೆ ಕೆರೆತ ತರುತ್ತೆ, ವಾಸನೆಯ ಮೂಲವಾದ ತೇವ ಹಾಗೇ ಉಳಿಯುತ್ತೆ.

ರೇನ್‌ಕೋಟಿನಲ್ಲಿ ಆಯ್ಕೆ ಬಹಳ. ಬಿಚ್ಚಿದ ಕೂಡಲೇ ಗಪ್ಪನೆ ಪ್ಲಾಸ್ಟಿಕ್ ವಾಸನೆ ಹೊಡೆಯುವ, ಭಾರದ, ಅಂಟಂಟು ಕೋಟು ಹೆಚ್ಚಾಗಿ ಪಿವಿಸಿ. ಅದನ್ನು ಮೆತ್ತಗೆ ಮಾಡಲು ಥಾಲೇಟ್‌ಗಳನ್ನು ಬೆರೆಸುವುದುಂಟು. ದೊಡ್ಡವರು ಬಟ್ಟೆಯ ಮೇಲೆ ಹಾಕಿ ತೆಗೆಯುವುದರಿಂದ ನನಗೆ ಅದರ ಬಗ್ಗೆ ಅಷ್ಟು ಚಿಂತೆ ಇಲ್ಲ, ಟೋಪಿಯ ತುದಿ ಕಚ್ಚುತ್ತಾ ಶಾಲೆಗೆ ಹೋಗುವ ಮಕ್ಕಳಿಗೆ ಮಾತ್ರ ಬೇಡ. ಅವರಿಗೆ ಇವಿಎ ಅನ್ನುವ ಹಗುರ, ಹಾಲು ಬಣ್ಣದ ಕೋಟು, ಅಥವಾ ಒಳಗೆ ಪಿಯು (ಪಾಲಿಯುರೆಥೇನ್) ಲೇಪನ ಇರುವ ನೈಲಾನ್ ಕೋಟು ಕೊಡಿಸಿ. ಇನ್ನು ಟ್ರೆಕ್ಕಿಂಗ್ ಜಾಕೆಟ್ಟು. ಮುಳ್ಳಯ್ಯನಗಿರಿ ಹತ್ತಲು ಬರುವವರ ಮೈಮೇಲೆ ನೀರು ಮಣಿ ಮಣಿಯಾಗಿ ಉರುಳಿಹೋಗುತ್ತಲ್ಲ, ಅದಕ್ಕೆ ಬಹಳ ಕಾಲ ಪಿಎಫ್‌ಎಎಸ್ ಅನ್ನುವ ಫ್ಲೋರಿನ್ ರಾಸಾಯನಿಕವನ್ನೇ ಬಳಸಿದರು. ಅದು ಮಣ್ಣಲ್ಲೂ ನೀರಲ್ಲೂ ಕೊಳೆಯದೆ ಉಳಿಯುವ ವಸ್ತು. ಅಮೆರಿಕದ ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ ಬಹುತೇಕ ಬಟ್ಟೆಗಳಲ್ಲಿ ಅದನ್ನು ಬೇಕೆಂದೇ ಸೇರಿಸುವುದನ್ನು ನಿಷೇಧಿಸಿದೆ. ನಾಲ್ಕು ತಿಂಗಳು ಹಿಡಿದುಕೊಂಡು ಸುರಿಯುವ ನಮ್ಮ ಮಳೆಗೆ ಅಂಥ ಜಾಕೆಟ್ಟಿಗಿಂತ ಸಾದಾ ಪಿಯು ಕೋಟೇ ಸಾಕು, ಕೊಳ್ಳುವಾಗ "ಪಿಎಫ್‌ಎಎಸ್ ಫ್ರೀ" ಅಂತ ಬರೆದಿದೆಯಾ ನೋಡಿ.

ಕಂಬಳಿ ಕೊಪ್ಪೆ ಈಗ ತೋಟಗಳಲ್ಲೂ ಕಡಿಮೆಯಾಗಿದೆ. ಕುರಿ ಉಣ್ಣೆಯ ದಪ್ಪ ಎಳೆ ಚುಚ್ಚುವುದರಿಂದ ಕೆರೆತವಾಗುತ್ತೆ ವಿನಾ ಅದು ಹೆಚ್ಚಿನವರಿಗೆ ಅಲರ್ಜಿ ಅಲ್ಲ. ಒಳಗೆ ಉದ್ದ ತೋಳಿನ ಕಾಟನ್ ಅಂಗಿ ಇದ್ದರೆ ಮುಗಿಯಿತು. ಬೆವರು ಕಟ್ಟದ ವಿಷಯದಲ್ಲಿ ಪ್ಲಾಸ್ಟಿಕ್ ಕೋಟು ಅದರ ಹತ್ತಿರವೂ ಬರುವುದಿಲ್ಲ.

ಇಂಬಳಕ್ಕೆ ಹೆದರಿ ಸಾಕ್ಸನ್ನು ಹೊಗೆಸೊಪ್ಪಿನ ನೀರಲ್ಲಿ ಅದ್ದಿ ಹಾಕಿಕೊಳ್ಳುವವರು ಇದನ್ನು ಓದಲೇಬೇಕು. ಒದ್ದೆ ಚರ್ಮದ ಮೂಲಕ ನಿಕೋಟಿನ್ ಮೈಯೊಳಗೆ ಇಳಿಯುತ್ತೆ. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಮುರಿಯುವವರಿಗೆ ಇಬ್ಬನಿಯಲ್ಲಿ ಅಂಗಿ ಒದ್ದೆಯಾದರೆ ತಲೆಸುತ್ತು, ವಾಂತಿ ಬರುವುದು ಇದೇ ಕಾರಣಕ್ಕೆ. ಅವರು ಅಂಗಿ ಒದ್ದೆಯಾದ ಕೂಡಲೇ ಬದಲಾಯಿಸಬೇಕು. ಇಂಬಳಕ್ಕಾದರೆ ಮಂಡಿವರೆಗಿನ ಒತ್ತಾಗಿ ನೇಯ್ದ ಲೀಚ್ ಸಾಕ್ಸ್ ಹಾಕಿ, ಜೇಬಲ್ಲಿ ಉಪ್ಪಿನ ಗಂಟು ಇಟ್ಟುಕೊಳ್ಳಿ.

ಕಾಫಿಗೆ, ಅಡಿಕೆಗೆ ಬೋರ್ಡೋ ಹೊಡೆಯುವ ದಿನದ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ನೆನೆಹಾಕಬೇಡಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಬಿದ್ದಿರುತ್ತೆ, ಎರಡೂ ಚರ್ಮ ಉರಿಸುವಂಥವೇ. ಕಳೆನಾಶಕ, ಕೀಟನಾಶಕ ಹೊಡೆದ ಬಟ್ಟೆಯಂತೂ ಇನ್ನೂ ಅಪಾಯ. ಅದಕ್ಕೆ ಬೇರೆ ಬಕೆಟ್ಟು, ಬೇರೆ ಹಗ್ಗ, ಒಗೆಯುವವರ ಕೈಗೆ ಗ್ಲೌಸು.

ಮಗುವಿಗೆ

ಹಸುಗೂಸಿಗೆ ಹಳೇ ಪಂಚೆ, ಹಳೇ ಕಾಟನ್ ಸೀರೆ ಹರಿದು ಲಂಗೋಟಿ ಮಾಡುತ್ತಿದ್ದ ಅಜ್ಜಿಯರ ಲೆಕ್ಕ ಸರಿಯಾಗಿಯೇ ಇತ್ತು. ನೂರಾರು ಸಲ ಒಗೆದ ಬಟ್ಟೆಯಲ್ಲಿ ಬಿಡುವ ಬಣ್ಣವೂ ಉಳಿದಿಲ್ಲ, ಪಾಲಿಶೂ ಉಳಿದಿಲ್ಲ. ಅಂಗಡಿಯ ಹೊಸ ಬೇಬಿ ಸೆಟ್ಟೋ, ಅಕ್ಕನ ಮಗು ಹಾಕಿ ಬಿಟ್ಟ ಬಟ್ಟೆಯೋ ಅಂದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಹೊಸದೇ ಬೇಕಿದ್ದರೆ ಬಿಳಿ ಅಥವಾ ತಿಳಿ ಬಣ್ಣದ್ದು, ಎದೆ ಮೇಲೆ ರಬ್ಬರಿನ ಹಾಗೆ ಉಬ್ಬಿದ ಗೊಂಬೆ ಪ್ರಿಂಟ್ ಇಲ್ಲದ್ದು. ಆ ಥರದ ಪ್ರಿಂಟ್ ಎಷ್ಟೋ ಸಲ ಪಿವಿಸಿಯೇ, ಮಗು ಬಾಯಿಗೆ ಹಾಕುವುದೂ ಅದನ್ನೇ. ಹಾಕುವ ಮುಂಚೆ ಒಗೆಯುವುದು ಕಡ್ಡಾಯ, "ಹೊಸ ಬಟ್ಟೆ ಒಗೆಯಬಾರದು" ಅಂತ ಮನೆಯಲ್ಲಿ ಯಾರೇ ಹೇಳಿದರೂ.

ಇದಕ್ಕಿಂತ ದೊಡ್ಡ ವಿಷಯ ನುಸಿ ಗುಳಿಗೆ. ಬಾಣಂತನಕ್ಕೆ ಅಂತ ಟ್ರಂಕಿನಿಂದ ತೆಗೆದ ಕಂಬಳಿ, ಸ್ವೆಟರ್, ಹಳೇ ಬಟ್ಟೆಗಳಲ್ಲಿ ಆ ವಾಸನೆ ಮೂಗಿಗೆ ಹೊಡೆಯುತ್ತಿರುತ್ತೆ. ನುಸಿ ಗುಳಿಗೆ ಸಾಮಾನ್ಯವಾಗಿ ನ್ಯಾಫ್ತಲೀನ್. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಗುವಿಗೆ ಆ ಆವಿ ಕೂಡ ರಕ್ತಕಣಗಳನ್ನು ಒಡೆದು ಕಾಮಾಲೆಯನ್ನು ತೀವ್ರ ಮಾಡಬಹುದು, ಮತ್ತು ಕೊರತೆ ಇದೆಯೋ ಇಲ್ಲವೋ ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಮಗುವಿನ ಬಟ್ಟೆ ಇಡುವ ಬೀರುವಿನಲ್ಲಿ ಅದು ಇರಲೇಬಾರದು. ಚೆನ್ನಾಗಿ ಬಿಸಿಲು ಕಾಯಿಸಿ, ಒಣ ಬೇವಿನೆಲೆ ಅಥವಾ ಲಾವಂಚದ ಬೇರು ಕಟ್ಟಿಟ್ಟರೆ ಸಾಕು. ಬದಲಿಗೆ ಕರ್ಪೂರ ಇಡುತ್ತೇವೆ ಅನ್ನುವವರಿಗೆ: ಅಂಬೆಗಾಲಿಡುವ ಮಗು ಅದನ್ನು ನುಂಗಿದರೆ ಅದೂ ವಿಷವೇ.

ಶಾಲೆ ಯೂನಿಫಾರ್ಮಿನಲ್ಲಿ ನಮಗೆ ಆಯ್ಕೆ ಇಲ್ಲ, ಟೆರಿಕಾಟೇ ಇರುತ್ತೆ. ಮೇ ತಿಂಗಳಲ್ಲೇ ತಂದು, ಶಾಲೆ ಶುರುವಾಗುವ ಹೊತ್ತಿಗೆ ನಾಲ್ಕೈದು ಸಲ ಒಗೆದಿಡಿ, ಒಳಗೆ ಕಾಟನ್ ಬನಿಯನ್ ಅಥವಾ ಶಿಮೀಸ್ ಹಾಕಿ ಕಳಿಸಿ. ಕಲೆ ಅಂಟದ ಬಟ್ಟೆ ಅಂತ ಹೇಳಿ ಕೊಡುವುದನ್ನು ಮಾತ್ರ ಬೇಡ ಅನ್ನಿ, ಅಲ್ಲೂ ಪಿಎಫ್‌ಎಎಸ್ ಇರುವ ಸಾಧ್ಯತೆ ಇದೆ.

ಯಾವ ಚೀಟಿ ಏನು ಹೇಳುತ್ತೆ

ಎಲ್ಲ ಗುರುತೂ ಒಂದೇ ಮಾತು ಹೇಳುವುದಿಲ್ಲ. ಸಿಲ್ಕ್ ಮಾರ್ಕ್ ಅಂದರೆ ರೇಷ್ಮೆ ಅಸಲಿ ಅಂತ ಅಷ್ಟೇ. ಹ್ಯಾಂಡ್‌ಲೂಮ್ ಮಾರ್ಕ್ ಅಂದರೆ ಕೈಮಗ್ಗದ್ದು, ಖಾದಿ ಮಾರ್ಕ್ ಅಂದರೆ ಖಾದಿ ನಿಜ. ಬಣ್ಣದಲ್ಲಿ ಏನಿದೆ ಅಂತ ಇವು ಹೇಳುವುದಿಲ್ಲ. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಅನ್ನುವುದು 1992ರಿಂದ ಇರುವ ಗುರುತು. ಅದು ತಯಾರಾದ ಬಟ್ಟೆಯನ್ನೇ ಲ್ಯಾಬಿನಲ್ಲಿ ಪರೀಕ್ಷಿಸಿ ಫಾರ್ಮಾಲ್ಡಿಹೈಡ್, ನಿಷೇಧಿತ ಬಣ್ಣ, ಭಾರಲೋಹ ಮಿತಿಯೊಳಗಿವೆ ಅಂತ ಹೇಳುತ್ತೆ. ಪುಟ್ಟ ಮಕ್ಕಳ ಬಟ್ಟೆಗೆ ಅದರಲ್ಲಿ ಮೊದಲ ದರ್ಜೆಯ ನಿಯಮ ಅತಿ ಬಿಗಿ. ಚೀಟಿಯ ನಂಬರನ್ನು ಮೊಬೈಲಿನಲ್ಲಿ ಹಾಕಿ ಅಸಲಿಯಾ ಅಂತ ನೋಡಲೂಬಹುದು. ಗಾಟ್ಸ್ (GOTS) ಅನ್ನುವ ಸಾವಯವ ಬಟ್ಟೆಯ ಗುರುತು ಇನ್ನೂ ಮುಂದೆ ಹೋಗಿ ಹತ್ತಿ ಬೆಳೆದದ್ದರಿಂದ ಹಿಡಿದು ಬಣ್ಣ ಹಾಕುವವರೆಗೆ ನೋಡುತ್ತೆ. ಬರೀ "ಆರ್ಗ್ಯಾನಿಕ್ ಕಾಟನ್" ಅಂತ ಬರೆದಿದ್ದರೆ ಹೊಲದ ಕಥೆ ಮಾತ್ರ, ಬಣ್ಣದ ಕಥೆ ಅಲ್ಲ. "ಬ್ಯಾಂಬೂ" ಬಟ್ಟೆ ಮೆತ್ತಗಿರುವುದು ನಿಜ, ಆದರೆ ಅದು ಸಾಮಾನ್ಯವಾಗಿ ಬಿದಿರಿನ ತಿರುಳಿನಿಂದ ತೆಗೆದ ರೇಯಾನ್. ಅದನ್ನು ಮಾಡುವಾಗ ಬಳಸುವ ಕಾರ್ಬನ್ ಡೈಸಲ್ಫೈಡ್ ಕಾರ್ಖಾನೆಯ ಕೆಲಸಗಾರರ ನರಗಳಿಗೆ ಕೆಟ್ಟದ್ದು.

ನೈಸರ್ಗಿಕ ಬಣ್ಣದ ಬಟ್ಟೆ ಬೇಕು ಅನ್ನುವವರಿಗೆ ಪಕ್ಕದ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ಚರಕ ಅನ್ನುವ ಮಹಿಳೆಯರ ಸಹಕಾರ ಸಂಘ ಇದೆ. ಅಡಿಕೆ ಬೇಯಿಸಿ ಉಳಿದ ಚೊಗರಿನಂಥ ನಮ್ಮದೇ ವಸ್ತುಗಳಿಂದ ಬಣ್ಣ ಕಟ್ಟುತ್ತಾರೆ. ಬೆಲೆ ಸ್ವಲ್ಪ ಜಾಸ್ತಿ, ಬಣ್ಣ ಮಂದ, ಬಿಸಿಲಿಗೆ ಮಾಸುತ್ತೆ. ದಿನಾ ಮೈಗೆ ತಾಗುವ ಕುರ್ತಾಗೆ ನನಗೆ ಇದು ಒಳ್ಳೆಯ ಆಯ್ಕೆ ಅನ್ನಿಸುತ್ತೆ.

ಸೋಪಿನ ಪುಡಿಯಲ್ಲಿ ನಮ್ಮ ಮಲೆನಾಡಿಗೂ ಬಯಲುಸೀಮೆಗೂ ವ್ಯತ್ಯಾಸವಿದೆ. ಮಲೆನಾಡಿನ ಹಳ್ಳ, ಬಾವಿಯ ನೀರು ಮೆದು, ನೊರೆ ಜಾಸ್ತಿ, ಜಾಲಿಸಿದಷ್ಟೂ ಹೋಗುವುದಿಲ್ಲ. ಪುಡಿ ಅರ್ಧ ಹಾಕಿ. ಅರಸೀಕೆರೆ, ಕಡೂರಿನ ಬೋರ್‌ವೆಲ್ ಗಡಸು ನೀರಲ್ಲಿ ಬಾರ್ ಸೋಪಿನ ಜಿಡ್ಡು ಬಟ್ಟೆಯಲ್ಲೇ ಕೂತು ಒರಟಾಗುತ್ತೆ, ಅಲ್ಲಿ ಸುಗಂಧವಿಲ್ಲದ ಲಿಕ್ವಿಡ್ ಮೇಲು. ಎರಡೂ ಕಡೆ ಒಂದು ಸಲ ಹೆಚ್ಚಿಗೆ ಜಾಲಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಎರಡು ಮೂರು ವಾರದಲ್ಲಿ ಕೆರೆತ ಇಳಿಯದಿದ್ದರೆ ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಬಗ್ಗೆ ಕೇಳಿ. ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು, ಮತ್ತೊಂದೆರಡು ದಿನ ಕಳೆದು ಇನ್ನೊಮ್ಮೆ ನೋಡುತ್ತಾರೆ. ಬಣ್ಣವೋ, ನಿಕ್ಕಲ್ಲೋ, ರಬ್ಬರೋ, ಫಾರ್ಮಾಲ್ಡಿಹೈಡೋ ಅಂತ ಆಗ ಗೊತ್ತಾಗುತ್ತೆ. ಅನುಮಾನ ಇರುವ ಬಟ್ಟೆಯ ತುಣುಕನ್ನೇ ಅಂಟಿಸಿ ನೋಡುವುದೂ ಉಂಟು. ಹಾಗಾಗಿ ಡಾಕ್ಟರ ಹತ್ತಿರ ಹೋಗುವಾಗ ಆ ಬ್ಲೌಸನ್ನು ಒಗೆಯದೆ ಕವರಿನಲ್ಲಿ ತಗೊಂಡು ಹೋಗಿ, ಲೈನಿಂಗ್ ಹೊಲಿದು ಉಳಿದ ಚೂರು ಇದೆಯಾ ಅಂತ ನಿಮ್ಮ ಟೈಲರನ್ನೂ ಕೇಳಿ.